ಹಸುಗೂಸಿನ ಕಾಣದ ಸೆಳವು

ಹೆರಿಗೆಯ ವೇಳೆ ಆಮ್ಲಜನಕ ಸಾಲದಾದಾಗ ಶಿಶುವಿನ ಮೆದುಳಿಗೆ ಪೆಟ್ಟು ತಗಲುತ್ತದೆ. ಅಂಥ ಕೂಸು ಹುಟ್ಟಿದೊಡನೆ ಅಳದೆ, ಮೈ ಸಡಿಲಾಗಿ, ಮೊಲೆಯುಣ್ಣದೆ ಮಂಕಾಗಿರಬಹುದು. ಫಿಟ್ಸ್ ಎಂದು ನಾವು ಕರೆಯುವ ಸೆಳವು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿಯೇ ತಲೆದೋರುತ್ತದೆ.

ದೊಡ್ಡವರಂತೆ ಕೂಸು ಕೈಕಾಲು ಬಡಿಯಬೇಕೆಂದೇನಿಲ್ಲ. ದೃಷ್ಟಿ ಒಂದೆಡೆ ನೆಡುವುದು, ಬಾಯಿ ಚಪ್ಪರಿಸುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಉಸಿರು ನಿಲ್ಲುವುದು ಕೂಡ ಸೆಳವಾಗಿರಬಹುದು. ಎಷ್ಟೋ ಸೆಳವುಗಳು ಹೊರಗೆ ಕಾಣುವುದೇ ಇಲ್ಲ. ಔಷಧದಿಂದ ಮೈ ಶಾಂತವಾದ ಮೇಲೂ ಮೆದುಳಿನಲ್ಲಿ ಮುಂದುವರಿಯಬಹುದು. ಆದುದರಿಂದ ವೈದ್ಯರು ಶಿಶುವಿನ ತಲೆಗೆ ತಂತಿಗಳನ್ನು ಅಂಟಿಸಿ, ಇಇಜಿ ಯಂತ್ರದಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ಗಂಟೆಗಟ್ಟಲೆ ಗಮನಿಸುತ್ತಾರೆ. ಯಂತ್ರವು ಅಲೆಗಳನ್ನು ದಾಖಲಿಸುತ್ತದೆಯೇ ಹೊರತು ಕೂಸಿಗೆ ವಿದ್ಯುತ್ ಹರಿಸುವುದಿಲ್ಲ. ಅಲೆಗಳು ಬೇಗನೆ ಸಹಜಸ್ಥಿತಿಗೆ ಮರಳಿದರೆ ಅದು ಆಶಾದಾಯಕ ಲಕ್ಷಣ.

ಕಡೂರು, ತರೀಕೆರೆ, ಅಜ್ಜಂಪುರದ ಸದ್ಭಕ್ತರಲ್ಲಿ ನಮ್ಮ ಅರಿಕೆಯಿಷ್ಟೆ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಬಾಲಗ್ರಹವೆಂದು ತಾಯಿತಕ್ಕಾಗಿ ಅಲೆದು ಹೊತ್ತು ಕಳೆಯದಿರೋಣ. ಇಂಥ ಯಂತ್ರ ಎಲ್ಲ ಆಸ್ಪತ್ರೆಗಳಲ್ಲಿಯೂ ಇರದು; ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಒಯ್ಯಿರೆಂದು ವೈದ್ಯರು ಹೇಳಿದರೆ, 108 ವಾಹನದಲ್ಲಿ ಕೂಡಲೇ ಹೊರಡೋಣ. ಮನೆಗೆ ಮರಳಿದ ಮೇಲೂ ಮಗುವಿನ ಬೆಳವಣಿಗೆಯ ತಪಾಸಣೆಯನ್ನು ತಪ್ಪಿಸಬಾರದು. ವೈದ್ಯರನ್ನು ಕಾಣುವುದು ಭಕ್ತಿಗೆ ಕೊರತೆಯಲ್ಲ. ಕೂಸಿನ ಆರೈಕೆಯೂ ಕಾಯಕವೇ.