ಅತ್ತೆಯನ್ನು ನಾನು ಬಿಟ್ಟುಬರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಬೇಸ್‌ಬಾಲ್ ಮೈದಾನದಲ್ಲಿ ಅತ್ತೆಯನ್ನು ಬಿಟ್ಟು ಮನೆಗೆ ಹೋಗಿ ಮಲಗಿದ ಸೊಸೆ ನಾನಲ್ಲ. ನಮ್ಮ ನಾದಿನಿ ಬೆಂಗಳೂರಲ್ಲಿ ಹೇಳಿಕೊಂಡು ಬಂದ ಕಥೆಯಲ್ಲಿ ಹಾಗಿದೆ. ಅದು ಅಲ್ಲಿಂದ ತಿಪಟೂರಿಗೆ ಹೋಗಿ, ಮೈಸೂರು ಸುತ್ತಿ, ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಕನ್ನಡದವರ ಕಿವಿಗೆ ವಾಪಸು ಬರುವಷ್ಟರಲ್ಲಿ ಅದಕ್ಕೆ ಮಳೆಯೂ ಸೇರಿತ್ತು, ಪೊಲೀಸರೂ ಸೇರಿದ್ದರು. ಅವತ್ತು ಮಳೆ ಇರಲಿಲ್ಲ. ಪೊಲೀಸರಿಗೆ ಫೋನ್ ಮಾಡಲು ನಂಬರು ಒತ್ತುತ್ತಿದ್ದೆ, ನಿಜ. ಮಾಡಲಿಲ್ಲ.

2023ರ ಸೀಸನ್ನು. ಮಗನಿಗೆ ಹತ್ತು, ಮಗಳಿಗೆ ಏಳು. ಮಗನನ್ನು ಮಕ್ಕಳ ಬೇಸ್‌ಬಾಲಿನ ಲಿಟಲ್ ಲೀಗಿಗೆ ಸೇರಿಸಿ ಎರಡು ವರ್ಷವಾಗಿತ್ತು. ಹೆಸರು ಬರೆಸುವಾಗ ಮಗಳಿಗೆ ಸಾಫ್ಟ್‌ಬಾಲ್ ಹಾಕಿ ಅಂತ ಅಲ್ಲಿದ್ದವರು ಹೇಳಿದರು. ನಾನು ಒಪ್ಪಲಿಲ್ಲ. ಈ ಲಿಟಲ್ ಲೀಗು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ಶುರುವಾದದ್ದು 1939ರಲ್ಲಿ. 1972ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಮರಿಯಾ ಪೆಪೆ ಎಂಬ ಹುಡುಗಿಯನ್ನು ಮೂರು ಆಟ ಆಡಿದ ಮೇಲೆ ಹೊರಗೆ ಕಳಿಸಿದರು. ವಿಷಯ ಕಾನೂನಿನ ಮೆಟ್ಟಿಲೇರಿ, 1974ರಲ್ಲಿ ಹುಡುಗಿಯರಿಗೂ ಬಾಗಿಲು ತೆರೆಯಿತು. ಇದನ್ನೆಲ್ಲ ಆ ಮೇಜಿನ ಮುಂದೆ ನಿಂತು ದೊಡ್ಡದಾಗಿ ಹೇಳಿದೆ. ನಿಜವಾದ ಕಾರಣ ಬೇರೆಯೇ ಇತ್ತು: ಇಬ್ಬರಿಗೂ ಒಂದೇ ಲೀಗಾದರೆ ಒಂದೇ ಮೈದಾನ, ಒಂದೇ ಕಾರು, ಒಂದೇ ಓಡಾಟ ಅಂದುಕೊಂಡಿದ್ದೆ.

ಒಂದೇ ಲೀಗು, ಐದು ಮೈದಾನ. ಮಗಳಿಗೆ ಸೋಮವಾರ, ಬುಧವಾರ. ಮಗನಿಗೆ ಮಂಗಳವಾರ, ಗುರುವಾರ. ಶನಿವಾರ ಇಬ್ಬರಿಗೂ ಆಟ. ಶುಕ್ರವಾರ ಮಾತ್ರ ನಾವೆಲ್ಲ ಒಂದೇ ಹೊತ್ತಿಗೆ ಊಟಕ್ಕೆ ಕೂರುತ್ತಿದ್ದೆವು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ ಮುಗಿಯುವವರೆಗೂ ಬಿಡದೆ ಮಳೆ ಸುರಿಯಿತು. ರದ್ದಾದ ಆಟಗಳನ್ನೆಲ್ಲ ಏಪ್ರಿಲ್‌ಗೆ ತುರುಕಿದ್ದರಿಂದ ಆ ಶುಕ್ರವಾರವೂ ಹೋಯಿತು. ಯುಗಾದಿ ಬುಧವಾರ ಬಂತು. ಒಬ್ಬಟ್ಟು ತಿಂದದ್ದು ರಾತ್ರಿ ಒಂಬತ್ತೂವರೆಗೆ, ನಿಂತುಕೊಂಡು.

ಅತ್ತೆ ಫೆಬ್ರವರಿಯಲ್ಲಿ ಬಂದಿದ್ದರು. ಈ ಆಟದ ವಿಷಯದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಹೊಡೆದ್ಮೇಲೆ ಬ್ಯಾಟು ಯಾಕೆ ಬಿಸಾಕ್ತಾನೆ? ಅಷ್ಟು ದುಡ್ಡು ಕೊಟ್ಟು ತಂದಿರೋದಲ್ವಾ?" ನಮ್ಮನೆಯವರು ಕ್ರಿಕೆಟ್ಟಿನವರು. ಮಗನಿಗೆ ಮನೆ ಹಿತ್ತಲಲ್ಲಿ ಅವರು ಕಲಿಸಿದ್ದರ ಫಲವಾಗಿ ಮೊದಲ ವರ್ಷ ಅವನು ಬ್ಯಾಟು ಹಿಡಿದುಕೊಂಡೇ ಫಸ್ಟ್ ಬೇಸಿಗೆ ಓಡಿ, ಬ್ಯಾಟಿನ ತುದಿ ನೆಲಕ್ಕೆ ಊರಿದ್ದ. ಬೇರೆ ತಾಯ್ತಂದೆಯರು ಚಪ್ಪಾಳೆ ತಟ್ಟಿದರು. ಅದು ಮೆಚ್ಚುಗೆಯ ಚಪ್ಪಾಳೆಯಲ್ಲ.

ಅತ್ತೆಯಿಂದ ನನಗಾದ ಉಪಕಾರವನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಈ ಆಟಕ್ಕೆ ಮಕ್ಕಳು ಹಾಕುವುದು ಬಿಳಿ ಪ್ಯಾಂಟು. ಯಾರು ಯೋಚನೆ ಮಾಡಿದರೋ ಗೊತ್ತಿಲ್ಲ, ಕೆಮ್ಮಣ್ಣಿನಲ್ಲಿ ಜಾರಿ ಬೀಳುವುದೇ ಕೆಲಸವಾದ ಆಟಕ್ಕೆ ಬಿಳಿ ಪ್ಯಾಂಟು! ಇಲ್ಲಿನ ತಾಯಂದಿರು ಫೆಲ್ಸ್ ನ್ಯಾಪ್ತಾ ಅನ್ನುವ ಸೋಪನ್ನು ಒಬ್ಬರಿಗೊಬ್ಬರು ಗುಟ್ಟಿನಂತೆ ಹೇಳಿಕೊಡುತ್ತಾರೆ. ಅತ್ತೆ ಊರಿಂದ ತಂದ ಬಾರ್ ಸೋಪಿನಲ್ಲಿ, ಬಾತ್‌ಟಬ್ಬಿನ ಅಂಚನ್ನೇ ಒಗೆಯುವ ಕಲ್ಲು ಮಾಡಿಕೊಂಡು, ಮಂಡಿಯ ಕಲೆಯನ್ನು ಮೊದಲು ಒಣಗಿದ್ದಾಗಲೇ ಉಜ್ಜಿ ಆಮೇಲೆ ನೀರು ಹಾಕುತ್ತಿದ್ದರು. ಮಗನ ಪ್ಯಾಂಟು ಇಡೀ ಟೀಮಿನಲ್ಲಿ ಎಲ್ಲರದಕ್ಕಿಂತ ಬೆಳ್ಳಗಿರುತ್ತಿತ್ತು. ಒಬ್ಬ ತಾಯಿ ಬಂದು ಇವನು ಆಡುವುದೇ ಇಲ್ಲವೇ ಅಂತ ಕೇಳಿದ್ದಳು.

ಈಗ ಏಪ್ರಿಲ್ ಕೊನೆಯ ಶನಿವಾರಕ್ಕೆ ಬರುತ್ತೇನೆ.

ಲೀಗಿಗೆ ಸೇರುವಾಗ ಪ್ರತಿ ಮನೆಯವರೂ ಇಷ್ಟು ಗಂಟೆ ಸೇವೆ ಅಂತ ಒಪ್ಪಿ ಠೇವಣಿ ಚೆಕ್ಕು ಕೊಡಬೇಕು. ಸೇವೆ ಮಾಡದಿದ್ದರೆ ಚೆಕ್ಕು ಬ್ಯಾಂಕಿಗೆ ಹೋಗುತ್ತದೆ. ನನ್ನ ಪಾಲಿಗೆ ದೊಡ್ಡ ಮೈದಾನದ ತಿಂಡಿ ಅಂಗಡಿ, ಬೆಳಿಗ್ಗೆ ಎಂಟರಿಂದ ಹನ್ನೊಂದು. ಮಗಳ ಆಟ ಮಿಷನ್ ಬುಲೆವಾರ್ಡಿನ ಕಡೆಯ ಒಂದು ಶಾಲೆಯ ಮೈದಾನದಲ್ಲಿ, ಒಂಬತ್ತೂವರೆಗೆ. ಮಗನ ಆಟ ಮಧ್ಯಾಹ್ನ ಮೂರಕ್ಕೆ. ಇದು ಶುಕ್ರವಾರ ರಾತ್ರಿಯವರೆಗಿನ ಲೆಕ್ಕ. ಬೆಳಿಗ್ಗೆ ಆರು ಐವತ್ತಕ್ಕೆ ವೇಳಾಪಟ್ಟಿ ನೋಡಿಕೊಳ್ಳುವ ಮಹಾಶಯರಿಂದ ಒಂದು ಇಮೇಲ್: ಅಂಪೈರ್ ಸಿಗಲಿಲ್ಲ, ಮಗನ ಆಟ ಹನ್ನೊಂದೂವರೆಗೆ, ಊರಿನ ಇನ್ನೊಂದು ತುದಿಯಲ್ಲಿ. ಕ್ಷಮಿಸಿ ಅನ್ನುವ ಒಂದು ಪದ ಇರಲಿಲ್ಲ, ಕೊನೆಯಲ್ಲಿ ನಗುವ ಮುಖದ ಚಿತ್ರವೊಂದಿತ್ತು.

ನಮ್ಮನೆಯವರು ಅತ್ತೆಯನ್ನೂ ಮಗಳನ್ನೂ ಶಾಲೆ ಮೈದಾನದಲ್ಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತು, ಮಗನನ್ನು ಕರೆದುಕೊಂಡು ಹೊರಟರು. ಮಗನ ಟೀಮಿಗೆ ಅವರು ಸಹಾಯಕ ಕೋಚು, ಅಭ್ಯಾಸಕ್ಕೆ ಮುಂಚೆಯೇ ಹೋಗಬೇಕು. ನಾನು ಅಂಗಡಿಯಿಂದ ಅವರಿಗೆ ಮೆಸೇಜು ಹಾಕಿದೆ: "ಪುಟ್ಟಿದು 11ಕ್ಕೆ ಮುಗಿಯುತ್ತೆ." ಬಂದು ಕರೆದುಕೊಂಡು ಹೋಗಿ ಅಂತ ಅದರ ಅರ್ಥ. ಅವರು ಅದನ್ನು ಸಮಾಚಾರ ಅಂತ ಓದಿದರು. ನನ್ನ ಪಾಳಿಯೂ ಹನ್ನೊಂದಕ್ಕೇ ಮುಗಿಯುವುದರಿಂದ ನಾನೇ ಹೋಗುತ್ತೇನೆ ಅಂದುಕೊಂಡರು. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಹಿಂದೆ ಪತ್ರ ಓದದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕಥೆ ಕೇಳಿದ್ದೆ. ನಮ್ಮನೆಯವರು ಹೆಬ್ಬೆಟ್ಟು ಒತ್ತಿ ಹೆತ್ತ ತಾಯಿಯನ್ನು ಕಳೆದುಕೊಂಡರು.

ಹನ್ನೊಂದಕ್ಕೆ ನನ್ನ ನಂತರದ ಪಾಳಿಯವರು ಬರಲಿಲ್ಲ. ಅವರು ಯಾರು ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಹಾಟ್ ಡಾಗ್ ಬೇಯಿಸುವ ಪಾತ್ರೆ ಕುದಿಯುತ್ತಿದೆ, ಮುಂದೆ ಇಪ್ಪತ್ತು ಮಕ್ಕಳ ಸಾಲು, ಕೈಯಲ್ಲಿ ಚಿಲ್ಲರೆ. ನಮ್ಮನೆಯವರು ಇದ್ದಾರಲ್ಲ ಅಂತ ಧೈರ್ಯವಾಗಿ ನಿಂತೆ. ಹನ್ನೆರಡೂ ನಲವತ್ತಕ್ಕೆ ಮಗನ ಟೀಮಿನ ಒಬ್ಬ ತಾಯಿ ಬಂದಳು. ಆಟ ಹೇಗೆ ನಡೀತಿದೆ ಅಂತ ಕೇಳಿದೆ. ಹೇಳಿದಳು. ನಮ್ಮತ್ತೆ ಬಿಸಿಲಲ್ಲಿ ಕೂತಿದ್ದಾರಾ ಅಂದೆ.

"ನಿಮ್ಮತ್ತೆ ಅಲ್ಲಿಲ್ಲವಲ್ಲ."

ಅಂಗಡಿಯ ಬಾಗಿಲು ಯಾರು ಹಾಕಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶಾಲೆಯ ಮೈದಾನ ಖಾಲಿ. ಬೇಸುಗಳನ್ನು ಕಿತ್ತುಕೊಂಡು ಹೋಗಿದ್ದರು, ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಕೂರುವ ಮೆಟ್ಟಿಲಿನ ಕೆಳಗೆ ಟಿಶ್ಯೂ ಕಾಗದದ ಮೇಲೆ ಕಿತ್ತಳೆ ಸಿಪ್ಪೆ ಒಂದರೊಳಗೊಂದು ಬಟ್ಟಲಿನಂತೆ ಜೋಡಿಸಿಟ್ಟಿತ್ತು. ಪಕ್ಕದಲ್ಲಿ ತೊಳೆಗಳಿಂದ ಬಿಡಿಸಿದ ಬಿಳಿ ನಾರಿನ ಪುಟ್ಟ ಗುಡ್ಡೆ. ಮೊಮ್ಮಗಳಿಗೆ ಕಹಿಯಾಗದಿರಲಿ ಅಂತ ಹಾಗೆ ಬಿಡಿಸುವವರು ಈ ಊರಿನಲ್ಲಿ ಒಬ್ಬರೇ. ಆ ಗುಡ್ಡೆ ನೋಡಿದರೆ ಮೂರು ಹಣ್ಣಿನದು. ಮೂರು ಹಣ್ಣು ಬಿಡಿಸುವಷ್ಟು ಹೊತ್ತು ಕಾದಿದ್ದಾರೆ. ನನ್ನ ಕಾಲು ಅಲ್ಲೇ ಸೋತಿತು.

ಫೋನ್ ಮಾಡೋಣವೆಂದರೆ ಅತ್ತೆಯದು ಊರಿನ ಫೋನು. ಮನೆಯ ವೈಫೈ ಇದ್ದರೆ ಮಾತ್ರ ಜೀವ. ಮಗಳ ಕೋಚಿಗೆ ಮಾಡಿದೆ. ಎಲ್ಲ ಮಕ್ಕಳನ್ನೂ ಮನೆಯವರಿಗೆ ಒಪ್ಪಿಸುವವರೆಗೆ ಕೋಚು ಮೈದಾನ ಬಿಡುವಂತಿಲ್ಲ. ಆತ ಹೇಳಿದ್ದು, "ಅಜ್ಜಿ ಜೊತೆಯಲ್ಲೇ ಇದ್ದರಲ್ಲ. ಎಲ್ಲ ಸರಿಯಾ ಅಂತ ಕೇಳಿದೆ, ಓಕೆ ಓಕೆ ಅಂದರು." ನಮ್ಮತ್ತೆ ಯಾರು ಏನು ಕೇಳಿದರೂ ಓಕೆ ಓಕೆ ಅನ್ನುತ್ತಾರೆ. ಆತನ ತಪ್ಪು ಅಂತ ಹೇಗೆ ಹೇಳಲಿ?

ನಮ್ಮನೆಯವರಿಗೆ ಆರು ಸಲ ಮಾಡಿದೆ. ತೆಗೆಯಲಿಲ್ಲ. ಕಾರಣ ಆಮೇಲೆ ತಿಳಿಯಿತು. ಮಗ ಪಿಚ್ ಮಾಡುತ್ತಿದ್ದ. ಲೀಗಿನ ನಿಯಮದಂತೆ ಹತ್ತು ವರ್ಷದ ಹುಡುಗ ದಿನಕ್ಕೆ 75 ಚೆಂಡು ಮೀರಿ ಎಸೆಯುವಂತಿಲ್ಲ. 66 ಮುಟ್ಟಿತೋ, ನಾಲ್ಕು ದಿನ ವಿಶ್ರಾಂತಿ. ಅದನ್ನು ಎಣಿಸುವ ಕ್ಲಿಕ್ಕರು ಇವರ ಕೈಯಲ್ಲಿತ್ತು, ಫೋನು ಚೀಲದಲ್ಲಿತ್ತು. ಮಗನ ಮೊಣಕೈ ಉಳಿಸಲು ಒಂದೊಂದು ಚೆಂಡನ್ನೂ ಎಣಿಸಿದ ಮನುಷ್ಯ, ಮನೆಯಲ್ಲಿ ಎಷ್ಟು ತಲೆ ಇವೆ ಅಂತ ಎಣಿಸಲಿಲ್ಲ. ಇದನ್ನು ಅವತ್ತು ರಾತ್ರಿ ಹೇಳಿದೆ. ಈಗಲೂ ಆಗಾಗ ಹೇಳುತ್ತೇನೆ.

ಮನೆಯ ದಾರಿಯಲ್ಲಿ ಎರಡು ಸಲ ಹೋಗಿ ಬಂದೆ. ಸೀರೆ ಉಟ್ಟವರು ಕಂಡರೆ ಬ್ರೇಕು. ಫ್ರೀಮಾಂಟಿನಲ್ಲಿ ಸೀರೆ ಉಟ್ಟ ಅಜ್ಜಿಯರಿಗೆ ಬರವಿಲ್ಲ. ಈ ನಡುವೆ ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತು. ಕಾರಿನ ವಾರಂಟಿ ಮಾರುವವರು ಅಂದುಕೊಂಡು ಕತ್ತರಿಸಿದೆ. ಇದು ನನ್ನ ತಪ್ಪು, ಬರೆದುಕೊಳ್ಳಿ. ಕಾರು ಪಕ್ಕಕ್ಕೆ ನಿಲ್ಲಿಸಿ 9, 1 ಅಂತ ಎರಡು ಅಂಕಿ ಒತ್ತಿದ್ದೆ. ಅದೇ ನಂಬರು ಮತ್ತೆ ಬಂತು. ಪಂಜಾಬಿ ಧಾಟಿಯ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು, "ನಿಮ್ಮ ಮಗಳ ಟೋಪಿಯೊಳಗೆ ಈ ನಂಬರು ಬರೆದಿದೆ. ಊಟ ಮಾಡ್ತಿದ್ದಾಳೆ, ಗಾಬರಿ ಆಗಬೇಡಿ."

ಆಗಿದ್ದು ಇಷ್ಟು. ಒಂದು ಗಂಟೆ ಕಾದ ಮೇಲೆ ಅತ್ತೆ, "ಎರಡು ಮೈಲಿ ಏನು ಮಹಾ, ತೋಟಕ್ಕೆ ಹೋಗಿ ಬರೋಷ್ಟು ದೂರ" ಅಂತ ಮೊಮ್ಮಗಳ ಕೈ ಹಿಡಿದು ಹೊರಟಿದ್ದಾರೆ. ಹೊರಟದ್ದು ಮನೆಗೆ ಬೆನ್ನು ಮಾಡಿ. ಬೆಟ್ಟದ ಕಡೆ ಕಂಬದ ಮೇಲೊಂದು ಕೇಸರಿ ಬಾವುಟ ಕಂಡಿತಂತೆ. "ಗುಡಿ ಅಂದ್ಮೇಲೆ ಯಾರಾದ್ರೂ ಇದ್ದೇ ಇರ್ತಾರೆ ಅಂದ್ಕೊಂಡೆ ಕಣಮ್ಮ." ಅದು ಗುರುದ್ವಾರ ಸಾಹಿಬ್. ಆ ರಸ್ತೆಯ ಹೆಸರೇ ಗುರುದ್ವಾರ ರೋಡ್. ಮಗಳಿಗೆ ಬಾಯಿಪಾಠ ಬರುವುದು ಅಪ್ಪನ ನಂಬರು. ಅದಕ್ಕೆ ನಾಲ್ಕು ಸಲ ಮಾಡಿದರಂತೆ. ಅದು ಚೀಲದಲ್ಲಿ ರಿಂಗಾಗುತ್ತಿತ್ತಲ್ಲ. ಟೋಪಿ ತೆಗೆಸಿ ತಲೆಗೆ ಬಟ್ಟೆ ಕಟ್ಟುವಾಗ ಒಳಗೆ ನಾನು ಮಾರ್ಕರಿನಲ್ಲಿ ಬರೆದಿದ್ದ ನಂಬರು ಅವರ ಕಣ್ಣಿಗೆ ಬಿದ್ದಿದೆ.

ಚಪ್ಪಲಿಗಳ ಗೂಡಿನಲ್ಲಿ ಮಗಳ ಮುಳ್ಳಿನ ಶೂ, ಅದರ ಪಕ್ಕ ಅತ್ತೆಯ ಬಾಟಾ ಚಪ್ಪಲಿ. ಒಳಗೆ ಲಂಗರ್ ಅನ್ನುವ ಊಟದ ಪಂಕ್ತಿಯಲ್ಲಿ ಮಗಳು ಕೆಮ್ಮಣ್ಣಿನ ಪ್ಯಾಂಟಿನಲ್ಲೇ ಚಕ್ಕಂಬಟ್ಟಲ ಹಾಕಿ, ತಲೆಗೆ ಕಿತ್ತಳೆ ಬಣ್ಣದ ವಸ್ತ್ರ ಕಟ್ಟಿಕೊಂಡು ಖೀರು ನೆಕ್ಕುತ್ತಿದ್ದಳು. ಮನೆಯಿಂದ ಹೊರಗೆ ನೀರೂ ಮುಟ್ಟದ ಅತ್ತೆ, ವಿಮಾನದಲ್ಲಿ ಹದಿನಾರು ಗಂಟೆ ಹುರಿಯಕ್ಕಿ ತಿಂದು ಬಂದ ಅತ್ತೆ, ಸೆರಗು ತಲೆ ಮೇಲೆ ಹೊದ್ದು ದಾಲಿಗೆ ರೊಟ್ಟಿ ಅದ್ದುತ್ತಿದ್ದರು. ನನ್ನನ್ನು ನೋಡಿ, "ರೊಟ್ಟಿ ಮೆತ್ತಗಿದೆ, ನೀನೂ ಕೂತ್ಕೋ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು" ಅಂದರು. ಕೂತೆ. ಬಡಿಸುವ ಹುಡುಗ ನಾನು ಅಳುವುದು ನಿಲ್ಲುವವರೆಗೆ ನನ್ನ ತಟ್ಟೆಗೆ ಬರಲಿಲ್ಲ. ಸ್ವಲ್ಪ ದೂರದಲ್ಲಿ ಬಕೆಟ್ಟು ಹಿಡಿದುಕೊಂಡು ನಿಂತಿದ್ದ.

ಅತ್ತೆ ನನಗೆ ಒಂದು ಮಾತು ಅನ್ನಲಿಲ್ಲ. ರಾತ್ರಿ ವೈಫೈ ಸಿಕ್ಕಿದ ಮೇಲೆ ಬೆಂಗಳೂರಿನ ತಮ್ಮ ಮಗಳಿಗೆ ಫೋನ್ ಮಾಡಿ ತಮಾಷೆಯಾಗಿ ಹೇಳಿದರು. ಆ ತಮಾಷೆಗೆ ಮಳೆ ಸುರಿಸಿದ್ದು, ಪೊಲೀಸರನ್ನು ಕರೆಸಿದ್ದು ನಾದಿನಿ.

ಇದರಿಂದ ಕಲಿತದ್ದು ಏನು ಅಂತ ಸ್ನೇಹಿತೆಯರು ಕೇಳುತ್ತಾರೆ. ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಫೋನಿನ ಕ್ಯಾಲೆಂಡರ್ ಹೊತ್ತು ಬದಲಾಯಿಸುತ್ತದೆ, ಯಾರು ಕರೆತರಬೇಕು ಅಂತ ಹೇಳುವುದಿಲ್ಲ. ಈಗ ನಮ್ಮ ಮನೆಯಲ್ಲಿ ಹೆಬ್ಬೆರಳಿನ ಚಿತ್ರ ನಡೆಯುವುದಿಲ್ಲ. "ಪುಟ್ಟಿ ನನ್ನ ಜೊತೆ" ಅಂತ ಪದದಲ್ಲೇ ಬರಬೇಕು. ಟೋಪಿಯೊಳಗೆ ಇಬ್ಬರದೂ ನಂಬರು ಬರೆಯಿರಿ, ಬೆವರಿಗೆ ಅಳಿಸುತ್ತದೆ, ತಿಂಗಳಿಗೊಮ್ಮೆ ತಿದ್ದಿ. ಚಿತ್ರಾನ್ನ ಕಾರಿನಲ್ಲಿ ತಿನ್ನಲು ಆಗುತ್ತದೆ, ಬಿಸಿಬೇಳೆಬಾತ್ ಆಗುವುದಿಲ್ಲ. ತಿಂಡಿಗೆ ಕೋಡುಬಳೆ ಕೊಟ್ಟರೆ ಮಕ್ಕಳು ಮುಗಿಬೀಳುತ್ತಾರೆ, ಆದರೆ ಕಡಲೆಬೀಜ ಸೋಂಕಿದ್ದನ್ನು ಕೊಡಲೇಬೇಡಿ, ಅಲರ್ಜಿಯ ಮಕ್ಕಳಿರುತ್ತಾರೆ. ವೇಳಾಪಟ್ಟಿಯ ಮಹಾಶಯರನ್ನು ನಂಬಬೇಡಿ.

ಇಷ್ಟೆಲ್ಲ ಬರೆದು ಒಂದನ್ನು ಮುಚ್ಚಿಟ್ಟರೆ ನಾದಿನಿಗೂ ನನಗೂ ವ್ಯತ್ಯಾಸವಿಲ್ಲ. ಅತ್ತೆ ಬಂದ ವಾರವೇ ನಮ್ಮನೆಯವರು ಅವರಿಗೊಂದು ಇಲ್ಲಿಯ ಸಿಮ್ ತರುತ್ತೇನೆ ಅಂದಿದ್ದರು. "ವಾಟ್ಸಾಪ್ ಇದೆಯಲ್ಲ ರೀ, ಅವರೆಲ್ಲಿಗೆ ಒಬ್ಬರೇ ಹೋಗ್ತಾರೆ" ಅಂತ ಬೇಡವೆಂದವಳು ನಾನು. ನಿಮ್ಮ ಮನೆಗೆ ಊರಿಂದ ಹಿರಿಯರು ಬಂದರೆ ಸೂಟ್‌ಕೇಸು ಬಿಚ್ಚುವ ಮೊದಲು ಸಿಮ್ ಹಾಕಿಸಿ. ಆಗ ತಿಂಗಳಿಗೆ 25 ಡಾಲರು ಇತ್ತು. ಫೆಬ್ರವರಿಯಿಂದ ಆ ಶನಿವಾರದವರೆಗೆ ನಾನು ಉಳಿಸಿದ್ದು 75.