ಕ್ರ್ಯಾಶ್ ಆದದ್ದು ಕಂಟೈನರ್‌ನಲ್ಲಿ, ಕೋರ್ ಫೈಲ್ ಎಲ್ಲಿ?

ಡಾಕರ್ ಕಂಟೈನರ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಸೆಗ್‌ಮೆಂಟೇಷನ್ ಫಾಲ್ಟ್ ಆಗಿ ನಿಂತುಹೋಗುತ್ತದೆ. ಕೋರ್ ಫೈಲ್ ಹುಡುಕಿದರೆ ಕಂಟೈನರ್‌ನಲ್ಲಿ ಇರುವುದಿಲ್ಲ. ಅದನ್ನು ಹಿಡಿಯುವ ಸ್ಕ್ರಿಪ್ಟನ್ನು ಇಮೇಜಿನೊಳಗೇ ಸೇರಿಸಿದರೂ ಅದು ಓಡುವುದಿಲ್ಲ. ಏಕೆಂದರೆ ಆ ಸ್ಕ್ರಿಪ್ಟನ್ನು ಕರೆಯುವುದು ಲಿನಕ್ಸ್ ಕರ್ನಲ್. ಕರ್ನಲ್ ತನ್ನ ಸಹಾಯಕ ಪ್ರೋಗ್ರಾಂಗಳನ್ನು ತನ್ನದೇ ಥ್ರೆಡ್‌ನಿಂದ ಹುಟ್ಟಿಸುತ್ತದೆ. ಹಾಗಾಗಿ ಅವು ಹೋಸ್ಟ್‌ನ ನೇಮ್‌ಸ್ಪೇಸ್‌ಗಳಲ್ಲಿ, ಹೋಸ್ಟ್‌ನ ರೂಟ್ ಆಗಿ ಓಡುತ್ತವೆ. ಮಾಡ್‌ಪ್ರೋಬ್, ರಿಕ್ವೆಸ್ಟ್-ಕೀ ಇವುಗಳ ಕಥೆಯೂ ಇದೇ. ಇವನ್ನು ಕಂಟೈನರ್ ಒಳಗೇ ಓಡಿಸಲು ಕರ್ನಲ್ ಡೆವಲಪರ್ ಇಯಾನ್ ಕೆಂಟ್ 2014-15ರಲ್ಲಿ ಪ್ಯಾಚ್‌ಗಳನ್ನು ಮುಂದಿಟ್ಟರು. ಮುಖ್ಯ ಕರ್ನಲ್‌ಗೆ ಅವು ಸೇರಲಿಲ್ಲ. ಒಳಗೆ ಇಣುಕುವ ಕೆಲಸ ಇಂದಿಗೂ ನಮ್ಮ ಸ್ಕ್ರಿಪ್ಟಿನದೇ.

ಮೊದಲು ಹೋಸ್ಟ್‌ನಲ್ಲಿ /ಪ್ರಾಕ್/ಸಿಸ್/ಕರ್ನಲ್/ಕೋರ್_ಪ್ಯಾಟರ್ನ್ ಫೈಲ್ ತೆರೆದು, ಕೋರ್ ಎಲ್ಲಿಗೆ ಹೋಗಬೇಕೆಂದು ಕರ್ನಲ್‌ಗೆ ಹೇಳುವ ಈಗಿನ ಸಾಲನ್ನು ಬರೆದಿಟ್ಟುಕೊಳ್ಳಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಆಪೋರ್ಟ್, ಫೆಡೋರಾದಲ್ಲಿ ಸಿಸ್ಟಂಡಿ-ಕೋರ್‌ಡಂಪ್ ಅಲ್ಲಿ ಕೂತಿರುತ್ತದೆ. ಈ ಸಾಲು ಇಡೀ ಯಂತ್ರಕ್ಕೆ ಒಂದೇ, ಕಂಟೈನರ್‌ಗೊಂದರಂತೆ ಇಡಲಾಗದು. ನೀವು ಬದಲಿಸಿದರೆ ಬದಲಾಗುವುದು ಎಲ್ಲರಿಗೂ.

ಹೊಸ ಸಾಲು ಪೈಪ್ ಗುರುತಿನಿಂದ (|) ಶುರುವಾಗಲಿ. ನಡುವೆ ಜಾಗ ಬಿಡದೆ ಸ್ಕ್ರಿಪ್ಟಿನ ಪೂರ್ಣ ಹಾದಿ, ಆಮೇಲೆ ಒಂದು ಜಾಗ ಬಿಟ್ಟು ಶೇಕಡಾ ಗುರುತಿನ ಜೊತೆ ದೊಡ್ಡಕ್ಷರದ ಪಿ. ಸಣ್ಣಕ್ಷರ ಹಾಕಿದರೆ ಸಿಗುವುದು ಕಂಟೈನರ್ ಒಳಗಿನ ಪ್ರೋಸೆಸ್ ಸಂಖ್ಯೆ. ಒಳಗೆ 7 ಆಗಿದ್ದದ್ದು ಹೊರಗೆ 7 ಆಗಿರುವುದಿಲ್ಲ. ಹೋಸ್ಟ್‌ನ 7 ಬೇರೆ ಯಾವುದೋ ಪ್ರೋಸೆಸ್. ಹೋಸ್ಟ್‌ನ ಸಂಖ್ಯೆ ಕೊಡುವ ದೊಡ್ಡಕ್ಷರದ ಪಿ ಕರ್ನಲ್ 3.12ರಿಂದ ಇದೆ. ಇಡೀ ಸಾಲು 128 ಬೈಟ್‌ನೊಳಗಿರಲಿ.

ಪಕ್ಕದಲ್ಲೇ ಇರುವ ಕೋರ್_ಪೈಪ್_ಲಿಮಿಟ್ ಮೊದಲಿಗೆ 0 ಆಗಿರುತ್ತದೆ. ಹಾಗೆ ಬಿಟ್ಟರೆ ಕರ್ನಲ್ ನಿಮ್ಮ ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುವುದಿಲ್ಲ, ಸತ್ತ ಪ್ರೋಸೆಸ್‌ನ /ಪ್ರಾಕ್ ಫೋಲ್ಡರ್ ನಡುವೆಯೇ ಮಾಯವಾಗಬಹುದು. 4 ಎಂದು ಹಾಕಿ. ಒಂದೇ ಹೊತ್ತಿಗೆ ಅದಕ್ಕಿಂತ ಹೆಚ್ಚು ಕ್ರ್ಯಾಶ್ ಆದರೆ ಮಿಕ್ಕವು ಕರ್ನಲ್ ಲಾಗ್‌ನಲ್ಲಿ ಬರಿ ದಾಖಲಾಗುತ್ತವೆ, ಕೋರ್ ಸಿಗುವುದಿಲ್ಲ.

ಇನ್ನು ಸ್ಕ್ರಿಪ್ಟ್. ಕೋರ್ ಅದರ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಬರುತ್ತದೆ. ರೂಟ್ ಮಾತ್ರ ಓದಬಲ್ಲ ಫೋಲ್ಡರಿಗೆ ಅದನ್ನು ಬರೆಯಿರಿ. ಪಾತ್ ಹೊಂದಿಸಿದೆ ಎಂದು ನಂಬಬೇಡಿ, ಪ್ರತಿ ಕಮಾಂಡಿಗೂ ಪೂರ್ಣ ಹಾದಿ ಕೊಡಿ. ಪೈಪ್ ಬಳಸುವಾಗ ಯೂಲಿಮಿಟ್‌ನ ಗಾತ್ರದ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಮತ್ತೆ ಎದ್ದು ಬೀಳುವ ಒಂದೇ ಕಂಟೈನರ್ ಡಿಸ್ಕ್ ತುಂಬಿಸೀತು. ಗಾತ್ರವನ್ನು ಸ್ಕ್ರಿಪ್ಟಿನಲ್ಲೇ ಕತ್ತರಿಸಿ, ಹಳೆಯ ಫೈಲ್‌ಗಳನ್ನು ಅಳಿಸುತ್ತಿರಿ.

ಎನ್‌ಎಸ್‌ಎಂಟರ್ ಕಮಾಂಡಿಗೆ ದೊಡ್ಡಕ್ಷರದ ಪಿ ತಂದ ಪ್ರೋಸೆಸ್ ಸಂಖ್ಯೆ ಕೊಟ್ಟರೆ ಕಂಟೈನರ್‌ನ ನೇಮ್‌ಸ್ಪೇಸ್‌ಗಳಿಗೆ ಹೊಗಬಹುದು. ಆದರೆ ಹೊಕ್ಕಮೇಲೆ ಅಲ್ಲಿನ ಪ್ರೋಗ್ರಾಂಗಳನ್ನು ಓಡಿಸಬೇಡಿ; ಡಾಕರ್ ಹೇರಿದ ಕಡಿವಾಣಗಳು ನಿಮ್ಮ ಸ್ಕ್ರಿಪ್ಟಿಗಿಲ್ಲ. ಅಲ್ಲಿ ಯಾರೋ ತಿರುಚಿಟ್ಟ ‘ಜಿಜಿಪ್’ ಇದ್ದರೆ ಅದು ಹೋಸ್ಟ್ ರೂಟ್‌ನ ಅಧಿಕಾರದಲ್ಲೇ ಓಡುತ್ತದೆ. ಲೈಬ್ರರಿ ಬೇಕಿದ್ದರೆ /ಪ್ರಾಕ್ ಒಳಗಿನ ಪ್ರೋಸೆಸ್‌ನ ‘ರೂಟ್’ ಕೊಂಡಿಯ ಮೂಲಕ ಓದಿದರೆ ಸಾಕು. ಅಲ್ಲೂ ಸಿಂಬಾಲಿಕ್ ಲಿಂಕ್ ಹಿಂಬಾಲಿಸಬೇಡಿ: ಪೂರ್ಣ ಹಾದಿಯ ಲಿಂಕ್ ನಿಮ್ಮನ್ನು ಹೋಸ್ಟ್‌ನ ಫೈಲಿಗೇ ಕರೆತರುತ್ತದೆ. ಅಪ್ಲಿಕೇಷನ್ ತಂಡಕ್ಕೆ ಕೋರ್ ಕಾಣಲೇಬೇಕೆಂದರೆ, ಅವರ ಪಾಲಿನ ಫೋಲ್ಡರನ್ನು ಓದಲು ಮಾತ್ರ ಎಂದು ಕಂಟೈನರ್‌ಗೆ ಮೌಂಟ್ ಮಾಡುವುದೇ ನನ್ನ ಆಯ್ಕೆ.

ಈ ಎಚ್ಚರ ಅತಿಯಾಯಿತು ಅನ್ನಿಸಿದರೆ ಸಿವಿಇ-2022-0492 ನೋಡಿ. ಸಿ-ಗ್ರೂಪ್‌ನ ರಿಲೀಸ್-ಏಜೆಂಟ್ ಕೂಡ ಕರ್ನಲ್ ಕರೆಯುವ ಸಹಾಯಕನೇ. ಅದರ ಹಾದಿಯನ್ನು ಕಂಟೈನರ್ ಒಳಗಿನಿಂದ ಬದಲಿಸಿ ಹೋಸ್ಟನ್ನೇ ವಶಪಡಿಸಿಕೊಳ್ಳಲು ಆ ದೋಷ ದಾರಿ ಕೊಟ್ಟಿತ್ತು. ಪ್ರಿವಿಲೇಜ್ಡ್ ಕಂಟೈನರ್‌ಗಂತೂ ಕೋರ್_ಪ್ಯಾಟರ್ನ್ ಬದಲಿಸಲು ಯಾವ ದೋಷವೂ ಬೇಕಿಲ್ಲ.

ಕೊನೆಗೆ ಪರೀಕ್ಷೆ. ಕಂಟೈನರ್‌ನಲ್ಲಿ ‘ಸ್ಲೀಪ್’ ಓಡಿಸಿ, ಅದಕ್ಕೆ ಸೆಗ್‌ವಿ ಸಿಗ್ನಲ್ ಕಳಿಸಿ. ಅದು ಕಂಟೈನರ್‌ನ 1ನೇ ಸಂಖ್ಯೆಯ ಪ್ರೋಸೆಸ್ ಆಗಿರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸಿಗ್ನಲ್ ತಾಗುವುದೇ ಇಲ್ಲ. ಫೈಲ್ ಬರದಿದ್ದರೆ ಹೋಸ್ಟ್‌ನ ಡಿ-ಮೆಸೇಜ್ ಲಾಗ್ ನೋಡಿ. ಕರ್ನಲ್ 6.16 ಅಥವಾ ಅದಕ್ಕಿಂತ ಹೊಸದು ನಿಮ್ಮಲ್ಲಿದ್ದರೆ, ಪೈಪ್ ಬದಲು ಯೂನಿಕ್ಸ್ ಸಾಕೆಟ್‌ಗೆ ಕೋರ್ ಕಳಿಸುವ ದಾರಿಯೂ ಇದೆ; ಅಲ್ಲಿ ಕರ್ನಲ್ ಯಾವ ಪ್ರೋಗ್ರಾಮನ್ನೂ ಹುಟ್ಟಿಸುವುದಿಲ್ಲ.