ಖರ್ಜೂರದ ಬೀಜ: ಎಸೆಯುವ ಮುನ್ನ

ರಮಝಾನಿನಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮಸೀದಿಗಳಲ್ಲಿ ಇಫ್ತಾರಿನ ದಸ್ತರಖಾನಿನ ಮೇಲೆ ಖರ್ಜೂರ ಇದ್ದೇ ಇರುತ್ತದೆ. ಹಣ್ಣು ಹೊಟ್ಟೆಗೆ, ಬೀಜ ಕಸಕ್ಕೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಮಸೀದಿಯಲ್ಲಿ ಇನ್ನೂರು ಮಂದಿ ತಲಾ ಮೂರು ಖರ್ಜೂರ ತಿಂದರೆ ದಿನಕ್ಕೆ 600 ಬೀಜಗಳು. ಮೂವತ್ತು ದಿನಗಳಿಗೆ 18,000. ಹಣ್ಣಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಬೀಜದ್ದೇ. ಇದು ನಿಜಕ್ಕೂ ಕಸವೇ?

ಪವಿತ್ರ ಕುರ್‌ಆನ್ ಈ ಬೀಜವನ್ನು ಕಡೆಗಣಿಸಿಲ್ಲ. ಧಾನ್ಯವನ್ನೂ ಖರ್ಜೂರದ ಬೀಜವನ್ನೂ ಸೀಳಿ ಮೊಳಕೆ ತರುವವನು ಅಲ್ಲಾಹನೆಂದು ಅದು ನೆನಪಿಸುತ್ತದೆ (6:95). ಬೀಜದ ಸೀಳಿನಲ್ಲಿರುವ ಎಳೆ 'ಫತೀಲ್' (4:49), ಬೆನ್ನಿನ ಮೇಲಿನ ಚುಕ್ಕೆ 'ನಕೀರ್' (4:124), ಮೇಲಿನ ತೆಳು ಪೊರೆ 'ಕಿತ್ಮೀರ್' (35:13). ಅತ್ಯಲ್ಪವಾದುದನ್ನು ಹೇಳಲು ಈ ಮೂರು ಪದಗಳು ಬಂದಿವೆ. ಅಷ್ಟು ಅಲ್ಪ ಅನ್ಯಾಯವೂ ಯಾರಿಗೂ ಆಗದು ಎಂಬುದು ಅಲ್ಲಾಹನ ವಾಗ್ದಾನ. ಇಂತಹ ಒಡೆಯನ ದಾಸರು ಅವನ ಅನುಗ್ರಹವನ್ನು ಲೆಕ್ಕವಿಲ್ಲದೆ ಚೆಲ್ಲುವುದು ಸರಿಯೇ?

ಹ. ಅಬೂಬಕರ್(ರ)ರ ಮಗಳು ಹ. ಅಸ್ಮಾ(ರ) ತಮ್ಮ ಸಂಸಾರದ ಕಷ್ಟದ ದಿನಗಳನ್ನು ಹೇಳಿಕೊಂಡಿರುವುದು ಸಹೀಹ್ ಬುಖಾರಿಯಲ್ಲಿದೆ. ಪತಿ ಹ. ಝುಬೈರ್(ರ)ರ ಬಳಿ ಒಂದು ಕುದುರೆ ಮತ್ತು ನೀರು ಸೇದುವ ಒಂದು ಒಂಟೆಯ ಹೊರತು ಏನೂ ಇರಲಿಲ್ಲ. ಆಕೆ ಸುಮಾರು ಎರಡು ಮೈಲಿ ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಒಂಟೆಗಾಗಿ ಬೀಜ ಕುಟ್ಟುತ್ತಿದ್ದುದನ್ನೂ ಹದೀಸ್ ತಿಳಿಸುತ್ತದೆ. ಮಕ್ಕಾದ ಶ್ರೇಷ್ಠ ಮನೆತನದ ಮಗಳು ಹೊತ್ತದ್ದನ್ನೇ ನಾವಿಂದು ಗಟಾರಕ್ಕೆ ಎಸೆಯುತ್ತಿದ್ದೇವೆ.

ಈ ಪಾಠ ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಹತ್ತಿಯಿಂದ ಅರಳೆ ತೆಗೆದ ಮೇಲೆ ಹತ್ತಿಕಾಳನ್ನು ಯಾರಾದರೂ ಬಿಸಾಡುತ್ತಾರೆಯೇ? ಅದು ಎಮ್ಮೆಗೆ ಮೇವು, ಎಣ್ಣೆ, ಹಿಂಡಿ. ಗೋವಿನಜೋಳದ ಬೆಂಡು ಒಲೆಗೆ ಸೌದೆ. ಬ್ಯಾಡಗಿ ಮೆಣಸಿನಕಾಯಿಯಂತೂ ಅಡುಗೆಮನೆಯಲ್ಲೇ ನಿಲ್ಲದೆ, ಅದರಿಂದ ತೆಗೆದ ಕೆಂಪು ಬಣ್ಣವಾಗಿಯೂ ಮಾರಾಟವಾಗುತ್ತದೆ. ರಾಣೆಬೆನ್ನೂರಿನವರಿಗೆ ಬೀಜದ ಬೆಲೆಯನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬೀಜಗಳನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಅಂಟಿದ ತಿರುಳನ್ನು ಉಜ್ಜಿ ತೊಳೆದು, ಮೂರು ನಾಲ್ಕು ದಿನ ಬಿಸಿಲಿಗೆ ಹಾಕಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಡು ಕಂದು ಬಣ್ಣ ಬರುವವರೆಗೆ ಹುರಿಯಿರಿ. ಮೊದಲು ಒರಳಿನಲ್ಲಿ ಕುಟ್ಟಿ, ಆಮೇಲೆ ಪುಡಿ ಮಾಡಿ ಸೋಸಿಕೊಳ್ಳಿ; ಇಡಿಯಾಗಿ ಹಾಕಿದರೆ ಮಿಕ್ಸಿ ಕೆಟ್ಟೀತು. ಅರಬ್ ನಾಡುಗಳಲ್ಲಿ ಇದನ್ನು ಕಾಫಿಯಂತೆ ಕುದಿಸಿ ಕುಡಿಯುತ್ತಾರೆ. ಕಾಫಿಯಲ್ಲಿರುವ ಕೆಫೀನ್ ಇದರಲ್ಲಿಲ್ಲ. ಮಸೀದಿಯಲ್ಲಿ ಶೇಖರವಾದ ಬೀಜಗಳನ್ನು ತೊಳೆದು ಕುಟ್ಟಿ, ನೆನೆಸಿ, ಆಡು-ಎಮ್ಮೆಗಳ ಮೇವಿನಲ್ಲಿ ಸ್ವಲ್ಪ ಬೆರೆಸಬಹುದು. ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ಮಕ್ಕಳಿಂದ ಕುಂಡದಲ್ಲಿ ಒಂದೆರಡು ಬೀಜ ಬಿತ್ತಿಸಿ. ಮೊಳಕೆಗೆ ಕೆಲವು ವಾರ ಬೇಕು. ಬೀಜದಿಂದ ಬಂದ ಗಿಡ ತಾಯಿ ಮರದಂತಹ ಹಣ್ಣನ್ನೇ ಕೊಡುವುದಿಲ್ಲ, ಸುಮಾರು ಅರ್ಧದಷ್ಟು ಗಂಡು ಮರಗಳಾಗುತ್ತವೆ. ಆದರೂ ಅಲ್ಲಾಹನ ಸೃಷ್ಟಿಯ ಅದ್ಭುತವನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಒಂದು ಎಚ್ಚರಿಕೆಯ ಮಾತು. ಈ ಪುಡಿಯನ್ನು ಸಕ್ಕರೆ ಕಾಯಿಲೆಗೆ, ಮೂತ್ರಪಿಂಡದ ರೋಗಕ್ಕೆ ರಾಮಬಾಣವೆಂದು ಮಾರುವವರಿದ್ದಾರೆ. ಅಜ್ವಾ ಖರ್ಜೂರದ ಶ್ರೇಷ್ಠತೆ ಹದೀಸಿನಲ್ಲಿ ಬಂದಿರುವುದು ಹಣ್ಣಿನ ಕುರಿತು. ಅದನ್ನು ಬೀಜದ ಪುಡಿಗೆ ಅಂಟಿಸಿ ಪ್ರವಾದಿ(ಸ)ರ ಹೆಸರಿನಲ್ಲಿ ವ್ಯಾಪಾರ ಮಾಡುವುದು ದೊಡ್ಡ ತಪ್ಪು. ಅದನ್ನು ನಂಬಿ ವೈದ್ಯರ ಔಷಧಿ ಬಿಡುವುದು ಪ್ರಾಣಕ್ಕೇ ಅಪಾಯ. ದುಂದು ಎಷ್ಟು ಕೆಟ್ಟದ್ದೋ ಸುಳ್ಳು ಅದಕ್ಕಿಂತ ಕೆಟ್ಟದ್ದು.

ಆದುದರಿಂದ ಸಹೋದರ ಸಹೋದರಿಯರೇ, ಬರುವ ರಮಝಾನಿನಲ್ಲಿ ದಸ್ತರಖಾನಿನ ಪಕ್ಕದಲ್ಲಿ ಬೀಜಕ್ಕೆಂದೇ ಒಂದು ಬಟ್ಟಲು ಇಡಿ. ಉಪವಾಸವು ನಮಗೆ ಹಸಿವನ್ನಷ್ಟೇ ಅಲ್ಲ, ಅನ್ನದ ಬೆಲೆಯನ್ನೂ ಕಲಿಸಲಿ.